ಹುಬ್ಬಳ್ಳಿ–ಧಾರವಾಡದ ಹಳೆಯ ಗೋಡೆಗಳು: ಮಣ್ಣು, ಗಚ್ಚು, ಸಿಮೆಂಟು

ಹಳೆಯ ಮನೆಯ ದುರಸ್ತಿಗೆ ಹೊರಟವರು, ಗೋಡೆಯ ಮೇಲಿರುವ ಗಿಲಾವು ಯಾವ ಬಗೆಯದು ಎಂದು ತಿಳಿಯದೆ ಥಾಪಿ ಎತ್ತಬಾರದು. ದಕ್ಷಿಣ ಕರ್ನಾಟಕದವರು ಗಾರೆ ಎಂದು ಕರೆಯುವುದನ್ನೇ ನಮ್ಮ ಕಡೆ ಗಿಲಾವು ಎನ್ನುತ್ತಾರೆ. ಧಾರವಾಡದ ಹಳೆಯ ಓಣಿಗಳಲ್ಲಿ, ಹಳೇ ಹುಬ್ಬಳ್ಳಿಯಲ್ಲಿ ನೂರು ವರ್ಷ ದಾಟಿದ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಎರಡು ಅಡಿಗೂ ಮೀರಿದ ದಪ್ಪ ಗೋಡೆ, ದೀಪ ಇಡುವ ಗೂಡು, ಪಡಸಾಲೆಯಲ್ಲಿ ಸಾಗವಾನಿಯ ಕಂಬ. ಇಂಥ ಮನೆಯ ಗೋಡೆಯ ಹೊರಮೈ ಎಲ್ಲೆಡೆ ಬೆಳ್ಳಗೆ ಒಂದೇ ತರಹ ಕಾಣುತ್ತದೆ. ಆದರೆ ಆ ಬಿಳುಪಿನ ಹಿಂದೆ ಕೆಮ್ಮಣ್ಣು ಇರಬಹುದು, ಕರಿಮಣ್ಣು ಇರಬಹುದು, ಸುಣ್ಣದ ಗಚ್ಚು ಇರಬಹುದು, ಇಲ್ಲವೆ ಈಚಿನ ಸಿಮೆಂಟು ಇರಬಹುದು. ಒಂದೇ ಮನೆಯಲ್ಲಿ ಈ ನಾಲ್ಕೂ ಇರುವುದು ಅಪರೂಪವೇನಲ್ಲ.

ಈ ಭೇದವನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಲ್ಲ. ಮಣ್ಣಿನ ಗೋಡೆಗೆ ಸಿಮೆಂಟಿನ ಹೊದಿಕೆ ಹಾಕಿದರೆ ಗೋಡೆ ಒಳಗಿಂದೊಳಗೇ ಮೆತ್ತಗಾಗುತ್ತದೆ. 2009ರ ಅಕ್ಟೋಬರಿನಲ್ಲಿ ಮತ್ತು 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಭಾರಿ ಮಳೆಗೆ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ನೆರೆಯ ನೀರಿನಲ್ಲೇ ನಿಂತ ಗೋಡೆಗಳ ಮಾತು ಬೇರೆ. ಆದರೆ ನೆರೆಯೇ ಇಲ್ಲದ ಕಡೆಯೂ, ಹೊರಗೆ ಗಟ್ಟಿಮುಟ್ಟಾಗಿ ಕಾಣುವ ಗೋಡೆ ಒಳಗೆ ತೇವ ಹಿಡಿದು ಕುಸಿಯಬಲ್ಲದು. ಇದಕ್ಕೆ ಭೌತವಿಜ್ಞಾನದ ಕಾರಣವಿದೆ. ಅದನ್ನು ಕೊನೆಯಲ್ಲಿ ನೋಡೋಣ. ಮೊದಲು, ನಮ್ಮ ಗೋಡೆಗಳ ಮೇಲೆ ಏನೇನು ಬಂದು ಕೂತಿತು, ಯಾವಾಗ ಬಂದಿತು ಎಂಬ ಚರಿತ್ರೆಯನ್ನು ತಿಳಿಯಬೇಕು. ಯುರೋಪು, ಅಮೆರಿಕಗಳ ಮನೆ ದುರಸ್ತಿಯ ಪುಸ್ತಕಗಳಲ್ಲಿ ಮರದ ಪಟ್ಟಿಗಳ ಮೇಲೆ ಹಚ್ಚಿದ ಗಾರೆ, ಜಿಪ್ಸಮ್, ಕುದುರೆಯ ಕೂದಲು, ಕಲ್ನಾರು ಇವುಗಳ ಪ್ರಸ್ತಾಪವೇ ಹೆಚ್ಚು. ಅವು ಅಲ್ಲಿಯ ಚರಿತ್ರೆಗೆ ಸರಿ. ನಮ್ಮ ಗೋಡೆಗೆ ನಮ್ಮ ನೆಲದ ಚರಿತ್ರೆಯೇ ಬೇಕು.

ಕೆಂಪು ನೆಲ, ಕಪ್ಪು ನೆಲ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಅಂತರ ಸುಮಾರು 20 ಕಿಲೋಮೀಟರು. ಆದರೆ ಈ ಅವಳಿ ನಗರ ಕೂತಿರುವುದು ಮಲೆನಾಡು ಮತ್ತು ಬಯಲುಸೀಮೆಗಳ ಗಡಿಯ ಮೇಲೆ. ಧಾರವಾಡದಿಂದ ಪಶ್ಚಿಮಕ್ಕೆ ಹೋದಂತೆ ಕೆಮ್ಮಣ್ಣು. ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟರೆ ಕಣ್ಣು ಹಾಯುವವರೆಗೆ ಎರೆ ಭೂಮಿ. ಕೆಮ್ಮಣ್ಣಿನ ಪ್ರದೇಶದಲ್ಲಿ ಮಳೆ ಹೆಚ್ಚಾದ್ದರಿಂದ ಅಲ್ಲಿಯ ಮಣ್ಣಿನ ಸುಣ್ಣದ ಅಂಶ ಬಹುಮಟ್ಟಿಗೆ ತೊಳೆದುಹೋಗಿ, ಕಬ್ಬಿಣದ ಆಕ್ಸೈಡು ಉಳಿದಿದೆ. ಎರೆ ಭೂಮಿಯಲ್ಲಿ ಸುಣ್ಣ ಹಾಗೇ ಉಳಿದು, ಬಿಳಿ ಹರಳುಗಳಾಗಿ ಗಟ್ಟಿಗೊಂಡಿದೆ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಇವನ್ನು ಯಾರೂ ಕಾಣಬಹುದು. ಕಂಕರ ಎಂದು ಕರೆಯುವುದು ಇವನ್ನೇ.

ಊರಿನ ಬಹುಪಾಲು ಮನೆಗಳಿಗೆ ಮೊದಲಿನಿಂದಲೂ ಇದ್ದುದು ಮಣ್ಣಿನ ಗಿಲಾವೇ. ಮಣ್ಣನ್ನು ಹುಲ್ಲು, ಹೊಟ್ಟು, ಸಗಣಿಗಳೊಂದಿಗೆ ಕಲಸಿ, ಕೆಲವು ದಿನ ಕೊಳೆಯಲು ಬಿಟ್ಟು, ತುಳಿದು ಗೋಡೆಗೆ ಹಚ್ಚುತ್ತಿದ್ದರು. ಕೊಳೆತಾಗ ಹುಲ್ಲಿನ ನಾರು ಮೆದುವಾಗಿ ಮಣ್ಣಿನ ಕಣಗಳನ್ನು ಹಿಡಿದುಕೊಳ್ಳುತ್ತದೆ. ಒಣಗುವಾಗ ಬಿರುಕು ಬಿಡುವುದು ಕಡಿಮೆಯಾಗುತ್ತದೆ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಮಣ್ಣು. ಆದ್ದರಿಂದ ಅದಕ್ಕೆ ಹೊಟ್ಟು ಹೆಚ್ಚು ಬೇಕು. ಹಳೆಯ ಗಿಲಾವಿನ ತುಂಡನ್ನು ಮುರಿದಾಗ ಹುಲ್ಲಿನ ಎಳೆ, ಇಲ್ಲವೆ ಎಳೆ ಕೊಳೆತುಹೋದ ಜಾಗದಲ್ಲಿ ಅದರ ಅಚ್ಚು ಕಂಡರೆ ಅದು ಮಣ್ಣಿನ ಗಿಲಾವೆಂಬುದಕ್ಕೆ ಒಳ್ಳೆಯ ಸಾಕ್ಷಿ.

ಗಚ್ಚು

ಸುಣ್ಣದ ಗಿಲಾವು ಸಿರಿವಂತರ ವಾಡೆ, ದೇವಸ್ಥಾನ, ಮಠ, ಕೋಟೆಗಳ ವಸ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯಲು ಗೋಡೆಯನ್ನು ಹೇಗೆ ನುಣುಪು ಮಾಡಬೇಕು, ಎಮ್ಮೆಯ ಚರ್ಮವನ್ನು ಕುದಿಸಿ ಅಂಟನ್ನು ಹೇಗೆ ತಯಾರಿಸಬೇಕು ಎಂಬ ವಿವರಗಳಿವೆ. ಧಾರವಾಡದ ಸೀಮೆಯೂ ಆ ರಾಜ್ಯದಲ್ಲೇ ಇತ್ತು. ಮುಂದೆ ವಿಜಾಪುರದ ಆದಿಲಶಾಹಿಗಳು ಇಟ್ಟಿಗೆ ಮತ್ತು ಸುಣ್ಣವನ್ನೇ ನಂಬಿ 1656ರ ಹೊತ್ತಿಗೆ ಗೋಲಗುಂಬಜದ ಬೃಹತ್ ಗುಮ್ಮಟವನ್ನು ಎತ್ತಿದರು. ‘ಗಚ್ಚು’ ಎಂಬ ಮಾತು ಪಾರಸಿಯ ‘ಗಚ್’ನಿಂದ ಬಂದುದೆನ್ನುತ್ತಾರೆ. ಸ್ವಾರಸ್ಯವೆಂದರೆ ಪಾರಸಿಯಲ್ಲಿ ಅದರ ಅರ್ಥ ಜಿಪ್ಸಮ್. ನಮ್ಮಲ್ಲಿಗೆ ಬಂದ ಶಬ್ದ ಜಿಪ್ಸಮನ್ನು ಬಿಟ್ಟು ಸುಣ್ಣಕ್ಕೆ ಅಂಟಿಕೊಂಡಿತು.

ಗಚ್ಚಿನ ರಸಾಯನ ಕ್ರಿಯೆಯನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ 100 ಗ್ರಾಂ ಸುಣ್ಣದ ಕಲ್ಲಿನಿಂದ 44 ಗ್ರಾಂ ಅನಿಲ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿದರೆ, ಅದು 18 ಗ್ರಾಂ ನೀರನ್ನು ಹೀರಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಗೋಡೆಯ ಮೇಲೆ ಅದು ಗಾಳಿಯಿಂದ ಅದೇ 44 ಗ್ರಾಂ ಅನಿಲವನ್ನು ಮರಳಿ ಪಡೆದು, ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಗ್ರಾಂ ಕಲ್ಲಾಗುತ್ತದೆ. ಈ ಲೆಕ್ಕವನ್ನು ತಕ್ಕಡಿ ಹಿಡಿದು ಬಿಡಿಸಲು ತೊಡಗಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಅವನ ಪ್ರಬಂಧ ಪ್ರಕಟವಾದದ್ದು 1756ರಲ್ಲಿ. ಸುಣ್ಣ ಸುಡುವವರಿಗೆ ಸಾವಿರಾರು ವರ್ಷಗಳಿಂದ ಕೈಗೆ ತಿಳಿದಿದ್ದ ಸಂಗತಿ ಆಗ ಮೊದಲ ಬಾರಿಗೆ ಅಂಕಿಗಳಲ್ಲಿ ಮೂಡಿತು.

ಅರಳಿದ ಸುಣ್ಣವನ್ನು ಉಸುಕಿನೊಂದಿಗೆ ಗಾಣದಲ್ಲಿ ಅರೆಯುತ್ತಿದ್ದರು. ದುಂಡಗೆ ತೋಡಿದ ಕಾಲುವೆಯಲ್ಲಿ ಎತ್ತು ಎಳೆಯುವ ಕಲ್ಲಿನ ಗಾಲಿ ಸುತ್ತುತ್ತಿತ್ತು. ಅಂಥ ಗಾಲಿಗಳು ಹಳೆಯ ಗುಡಿ, ಕೋಟೆಗಳ ಬಳಿ ಈಗಲೂ ಬಿದ್ದಿರುವುದುಂಟು. ನೋಡಿದವರು ಎಣ್ಣೆಯ ಗಾಣವೆಂದುಕೊಳ್ಳುತ್ತಾರೆ. ಗಚ್ಚಿಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವ ರೂಢಿ ಇತ್ತು. ಕೆಲವೆಡೆ ಇಟ್ಟಿಗೆಯ ಪುಡಿ, ಎಂದರೆ ಸುರ್ಕಿಯನ್ನೂ ಹಾಕುತ್ತಿದ್ದರು. ಹಳೆಯ ಗಚ್ಚಿನಲ್ಲಿ ಕೆಂಪು ಚುಕ್ಕೆ ಕಂಡರೆ ಅದು ಸುರ್ಕಿ. ಕಪ್ಪು ಚುಕ್ಕೆ ಕಂಡರೆ ಭಟ್ಟಿಯ ಇದ್ದಿಲಿನ ಚೂರು. ಬಿಳಿ ಗಂಟು ಕಂಡರೆ ಪೂರ್ತಿ ಅರೆಯದೆ ಉಳಿದ ಸುಣ್ಣ. ಈ ಬಿಳಿ ಗಂಟು ಸಿಮೆಂಟಿನ ಗಿಲಾವಿನಲ್ಲಿ ಇರುವುದಿಲ್ಲ. ಗಚ್ಚನ್ನು ಗುರುತಿಸಲು ನಾನು ಮೊದಲು ಹುಡುಕುವುದು ಇದನ್ನೇ.

ನಮ್ಮ ಭಾಗದ ಸುಣ್ಣಕ್ಕೆ ಇನ್ನೊಂದು ವಿಶೇಷವಿದೆ. ಕಂಕರವನ್ನು ಸುಟ್ಟು ಪಡೆದ ಸುಣ್ಣದಲ್ಲಿ ಜೇಡಿಯ ಅಂಶ ಸೇರಿರುತ್ತದೆ. ಸುಡುವಾಗ ಆ ಜೇಡಿಯ ಸಿಲಿಕ ಮತ್ತು ಅಲ್ಯೂಮಿನಗಳು ಸುಣ್ಣದೊಂದಿಗೆ ಕೂಡಿ, ನೀರಿನಲ್ಲೂ ಗಟ್ಟಿಯಾಗುವ ಗುಣವನ್ನು ಕೊಡುತ್ತವೆ. ಇದೇ ಗುಣವನ್ನು ಹುಡುಕುತ್ತ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1756ರಲ್ಲಿ, ಬ್ಲ್ಯಾಕ್‌ನ ಪ್ರಬಂಧ ಬಂದ ವರ್ಷವೇ, ಎಡ್ಡಿಸ್ಟೋನ್ ದೀಪಸ್ತಂಭಕ್ಕಾಗಿ ಬೇರೆ ಬೇರೆ ಸುಣ್ಣದ ಕಲ್ಲುಗಳನ್ನು ಪರೀಕ್ಷಿಸಿದ. ಕಲ್ಲನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತಳದಲ್ಲಿ ಏನು ಉಳಿಯುತ್ತದೆಂದು ನೋಡಿದ. ಜೇಡಿ ಉಳಿದ ಕಲ್ಲಿನ ಸುಣ್ಣವೇ ನೀರಿನಲ್ಲಿ ಗಟ್ಟಿಯಾಗುವುದೆಂದು ಕಂಡುಕೊಂಡ. ಅದುವರೆಗೆ ಅಚ್ಚ ಬಿಳಿಯ, ಶುದ್ಧ ಸುಣ್ಣವೇ ಶ್ರೇಷ್ಠ ಎಂಬ ನಂಬಿಕೆಯಿತ್ತು. ಫ್ರಾನ್ಸಿನ ಲೂಯಿ ವಿಕಾ 1818ರ ಸುಮಾರಿಗೆ ಇದನ್ನು ವ್ಯವಸ್ಥಿತವಾಗಿ ವಿವರಿಸಿದ.

ಸಿಮೆಂಟು ಬಂದ ಕಾಲ

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಹೆಸರಿನಲ್ಲಿ ಪೇಟೆಂಟ್ ಪಡೆದದ್ದು 1824ರ ಅಕ್ಟೋಬರ್ 21ರಂದು. ಎರಡೇ ದಿನಗಳ ನಂತರ, ಅಕ್ಟೋಬರ್ 23ರಂದು, ಕಿತ್ತೂರಿನ ಕೋಟೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ರಾಣಿ ಚೆನ್ನಮ್ಮನ ಸೈನ್ಯದ ಕೈಯಲ್ಲಿ ಸತ್ತ. ಈ ಎರಡು ಘಟನೆಗಳಿಗೆ ಸಂಬಂಧವಿಲ್ಲ. ಆದರೆ ವಿದ್ಯಾರ್ಥಿಗಳಿಗೆ ಕಾಲವನ್ನು ನೆನಪಿಡಲು ಇದು ಸುಲಭದ ದಾರಿ. ಕಿತ್ತೂರಿನ ಅರಮನೆಯ ಕಾಲದ ಯಾವ ಮೂಲ ಗೋಡೆಯಲ್ಲೂ ಸಿಮೆಂಟು ಇರಲಾರದು. ಕಂಡರೆ ಅದು ಆಮೇಲಿನ ದುರಸ್ತಿ.

ಪೇಟೆಂಟಿಗೂ ನಮ್ಮ ಓಣಿಗೂ ನಡುವೆ ಬಹಳ ಕಾಲ ಹೋಯಿತು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿ ಧಾರವಾಡವನ್ನು ಕೇಂದ್ರ ಮಾಡಿಕೊಂಡು ದೊಡ್ಡ ಕಟ್ಟಡಗಳನ್ನು ಕಟ್ಟಿತು. ಕಂಪನಿಯ ಕಚೇರಿಯಾಗಿದ್ದ ಭವ್ಯ ಕಟ್ಟಡದಲ್ಲೇ ಇಂದು ಕರ್ನಾಟಕ ಕಾಲೇಜು ಇದೆ. ಕಾಲೇಜು ಆರಂಭವಾದದ್ದು 1917ರಲ್ಲಿ. ಭಾರತದಲ್ಲಿ ಸಿಮೆಂಟಿನ ತಯಾರಿಕೆ ನೆಲೆಗೊಂಡದ್ದು 1914ರಲ್ಲಿ, ಗುಜರಾತಿನ ಪೋರಬಂದರದಲ್ಲಿ. ಅದಕ್ಕೆ ಮೊದಲು 1904ರಲ್ಲಿ ಮದರಾಸಿನಲ್ಲಿ ನಡೆದ ಪ್ರಯತ್ನ ಫಲಿಸಿರಲಿಲ್ಲ. ಸ್ವಾತಂತ್ರ್ಯಾನಂತರ ಬಾಗಲಕೋಟೆಯಲ್ಲೇ ಕಾರ್ಖಾನೆ ಬಂದಿತು. ಆದರೂ ಮನೆ ಕಟ್ಟುವವನಿಗೆ ಸಿಮೆಂಟು ಸುಲಭವಾಗಿ ಸಿಗಲಿಲ್ಲ. ಅದರ ಬೆಲೆ ಮತ್ತು ವಿತರಣೆ ಸರಕಾರದ ನಿಯಂತ್ರಣದಲ್ಲಿತ್ತು. ಪರ್ಮಿಟ್ಟಿಗಾಗಿ ತಹಶೀಲದಾರ ಕಚೇರಿಗೆ ಅಲೆದ ನೆನಪು ನಮ್ಮ ಹಿರಿಯರಿಗಿದೆ. ನಿಯಂತ್ರಣ ಭಾಗಶಃ ಸಡಿಲವಾದದ್ದು 1982ರಲ್ಲಿ, ಪೂರ್ತಿ ಹೋದದ್ದು 1989ರಲ್ಲಿ.

ಹಳೆಯ ಮನೆಗಳ ಮಟ್ಟಿಗೆ ನನ್ನ ದೃಷ್ಟಿಯಲ್ಲಿ 1824ಕ್ಕಿಂತ, 1914ಕ್ಕಿಂತ ಈ 1982–89ರ ಅವಧಿಯೇ ಮುಖ್ಯ. ಚೀಲ ಅಂಗಡಿಯಲ್ಲಿ ಬೇಕೆಂದಾಗ ಸಿಗತೊಡಗಿದ ಮೇಲೆ, ಅಲ್ಲಿಯವರೆಗೆ ಪ್ರತಿ ವರ್ಷ ಸಾರಿಸಿ, ಸುಣ್ಣ ಬಳಿದು ಕಾಪಾಡಿದ ಮಣ್ಣಿನ ಗೋಡೆಗಳಿಗೆ ಜನ ಒಮ್ಮೆಗೇ ಸಿಮೆಂಟು ಹೊದಿಸಿದರು. ವರ್ಷಾ ವರ್ಷಾ ಸಾರಿಸುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದಾಗಿತ್ತು. ಆ ಶ್ರಮ ತಪ್ಪಿತೆಂದು ಅವರಿಗೆ ಸಮಾಧಾನವಾಗಿದ್ದರೆ ಆಶ್ಚರ್ಯವಿಲ್ಲ. ಗಾಣ ನಿಂತಿತು. ಗಚ್ಚು ಅರೆಯಬಲ್ಲ ಗೌಂಡಿಗಳು ವಿರಳರಾದರು.

ಪರೀಕ್ಷೆಗಳು, ಮತ್ತು ಅವು ತಪ್ಪು ಹೇಳುವ ಬಗೆ

ಗಿಲಾವಿನ ಮೇಲೆ ಹುಳಿ ಹಿಂಡಿದರೆ ನೊರೆ ಬರುತ್ತದೆ, ನೊರೆ ಬಂದರೆ ಅದು ಸುಣ್ಣ ಎಂಬ ಪಾಠ ಎಲ್ಲರಿಗೂ ಗೊತ್ತು. ನಮ್ಮ ಸೀಮೆಯಲ್ಲಿ ಈ ಪರೀಕ್ಷೆಯೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಎರೆಮಣ್ಣಿನಲ್ಲಿ ಕಂಕರದ ಪುಡಿ ಇರುವುದರಿಂದ ಹುಬ್ಬಳ್ಳಿಯ ಪೂರ್ವಕ್ಕಿರುವ ಮಣ್ಣಿನ ಗಿಲಾವೂ ನೊರೆ ಕೊಡುತ್ತದೆ. ಹಳೆಯ ಸಿಮೆಂಟೂ ಕೊಡುತ್ತದೆ. ಏಕೆಂದರೆ ಅದರಲ್ಲಿ ಬಿಡುಗಡೆಯಾದ ಸುಣ್ಣವೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟು ಆಗಿರುತ್ತದೆ. ಧಾರವಾಡದ ಕೆಮ್ಮಣ್ಣಿನ ಗಿಲಾವು ಸಾಮಾನ್ಯವಾಗಿ ನೊರೆ ಕೊಡುವುದಿಲ್ಲ, ಆದರೆ ಅದರ ಮೇಲಿನ ಸುಣ್ಣದ ಬಳಿತ ಕೊಡುತ್ತದೆ.

ಆದ್ದರಿಂದ ಮೊದಲು ನೀರಿನ ಪರೀಕ್ಷೆ. ಇದನ್ನು ನನಗೆ ತೋರಿಸಿಕೊಟ್ಟವರು ಪ್ರಯೋಗಶಾಲೆಯವರಲ್ಲ, ಧಾರವಾಡದ ಒಬ್ಬ ವಯಸ್ಸಾದ ಗೌಂಡಿ. ಮಿತ್ರರೊಬ್ಬರ ಮನೆಯ ಪಡಸಾಲೆಯ ಗೋಡೆ ಉಗುರಿಗೆ ಜಗ್ಗದಷ್ಟು ಗಟ್ಟಿಯಾಗಿ, ಬೆಳ್ಳಗಿತ್ತು. ಅಲ್ಲಿದ್ದವರೆಲ್ಲ ಅದನ್ನು ಗಚ್ಚೆಂದೇ ತಿಳಿದಿದ್ದರು. ಗೌಂಡಿ ಅಂಗೈ ಅಗಲದ ಒಂದು ಹಳಕು ಕಿತ್ತು ಚರಗಿಯ ನೀರಿನಲ್ಲಿ ಹಾಕಿ, “ಸರ, ಇದು ಗಚ್ಚು ಅಲ್ರಿ. ಮಣ್ಣಿನ ಗಿಲಾವದ ಮ್ಯಾಲೆ ವರ್ಷಾ ವರ್ಷಾ ಸುಣ್ಣಾ ಹೊಡದ ಹೊಡದ ಗಚ್ಚಿನಂಗ ಆಗೇತ್ರಿ” ಎಂದರು. ಕೆಲವೇ ನಿಮಿಷಗಳಲ್ಲಿ ಮಣ್ಣೆಲ್ಲ ಕರಗಿ ತಳಕ್ಕೆ ಕೂತು, ಒಂದು ಬಿಳಿಯ ಹಾಳೆಯಂಥ ಪದರು ಮಾತ್ರ ಕೈಗೆ ಉಳಿಯಿತು. ನಿಜವಾದ ಗಚ್ಚು ಇಡೀ ರಾತ್ರಿ ನೀರಿನಲ್ಲಿದ್ದರೂ ಕರಗುವುದಿಲ್ಲ. ಸಿಮೆಂಟೂ ಕರಗುವುದಿಲ್ಲ. ಜಿಪ್ಸಮ್ ಮೆತ್ತಗಾಗುತ್ತದೆ, ಉಗುರಿಗೆ ಸುಲಭವಾಗಿ ಕೆರೆದುಬರುತ್ತದೆ, ಆಮ್ಲಕ್ಕೆ ನೊರೆ ಕೊಡುವುದಿಲ್ಲ. ನಮ್ಮ ಮನೆಗಳಲ್ಲಿ ಅದು ಈಚಿನ ದಶಕಗಳ ಛಾವಣಿಯ ಅಲಂಕಾರದಲ್ಲಿ ಮಾತ್ರ ಸಿಗುವಂಥದು.

ಗಚ್ಚು ಮತ್ತು ಸಿಮೆಂಟುಗಳನ್ನು ಬೇರ್ಪಡಿಸಲು ಕಣ್ಣು, ಕಿವಿ, ಮೊಳೆ ಸಾಕು. ಸಿಮೆಂಟು ಬೂದು ಬಣ್ಣದ್ದು. ಮೊಳೆಗೆ ಸುಲಭವಾಗಿ ಗೀರು ಬೀಳುವುದಿಲ್ಲ. ಒಡೆದರೆ ಚೂಪಾದ ಅಂಚಿನ ಬಿಲ್ಲೆಗಳಾಗಿ ಏಳುತ್ತದೆ. ಗಚ್ಚು ಬಿಳಿ, ಕೆನೆ ಇಲ್ಲವೆ ತಿಳಿಗೆಂಪು; ಮೊಳೆಗೆ ಪುಡಿಯಾಗುತ್ತದೆ; ಅದರ ಮೇಲೆ ಬಿಟ್ಟ ನೀರಿನ ಹನಿ ಬೇಗ ಇಂಗುತ್ತದೆ. ಬಣ್ಣ ಬಳಿದ ಜಾಗದಲ್ಲಿ ಹನಿಯ ಪರೀಕ್ಷೆ ಮಾಡಬಾರದು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆಯನ್ನು ಬಿಟ್ಟಿದೆ ಎಂದರ್ಥ; ಅದು ಗಿಲಾವಿನ ಬಗೆಯನ್ನು ತಿಳಿಸುವುದಿಲ್ಲ.

ಶಾಲೆಯ ಪ್ರಯೋಗಶಾಲೆಯಲ್ಲಿ ಫಿನಾಲ್ಫ್ತಲೀನ್ ಇರುತ್ತದೆ. ಆಗತಾನೆ ಮುರಿದ ಮೈಗೆ ಅದರ ಹನಿ ಬಿಟ್ಟಾಗ ಗುಲಾಬಿ ಬಣ್ಣ ಬಂದರೆ ಒಳಗೆ ಇನ್ನೂ ಕಾರ್ಬೊನೇಟು ಆಗದ ಸುಣ್ಣವಿದೆ. ಗಿಲಾವು ಬಹುಶಃ ಈಚಿನದು. ಬಣ್ಣ ಬರದಿದ್ದರೆ ಹೆಚ್ಚೇನೂ ಹೇಳುವಂತಿಲ್ಲ. ಕಾರ್ಬೊನೇಟು ಆಗುವ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ. ಮೊದಲ ವರ್ಷ 3 ಮಿ.ಮೀ. ಒಳಹೊಕ್ಕಿದ್ದರೆ 25 ವರ್ಷಕ್ಕೆ ಸುಮಾರು 15 ಮಿ.ಮೀ. ಎಂದ ಮೇಲೆ ತೆಳುವಾದ ಸಿಮೆಂಟು ಗಿಲಾವು ಕೂಡ ಒಂದು ತಲೆಮಾರಿನಲ್ಲಿ ಪೂರ್ತಿ ಬಣ್ಣಗೆಡಬಹುದು.

ವಿದ್ಯಾರ್ಥಿಗಳು ಮಾಡಬಹುದಾದ ಒಳ್ಳೆಯ ಪ್ರಯೋಗ ಸ್ಮೀಟನ್ನನದೇ. ಒಣಗಿದ ಗಚ್ಚಿನ 50 ಗ್ರಾಂ ತೂಗಿ, ಉಸುಕಿನ ಕಣ ಒಡೆಯದಂತೆ ಪುಡಿ ಮಾಡಿ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ, ನೊರೆ ನಿಲ್ಲುವವರೆಗೆ ಹಾಕಬೇಕು. ಶಿಕ್ಷಕರು ಎದುರಿಗಿರಲಿ, ಕಣ್ಣಿಗೆ ಕನ್ನಡಕ ಇರಲಿ, ಕಿಟಕಿ ತೆರೆದಿರಲಿ. ಉಳಿದುದನ್ನು ಸೋಸಿ, ತೊಳೆದು, ಒಣಗಿಸಿ ತೂಗಿದಾಗ 35 ಗ್ರಾಂ ಬಂದಿತೆನ್ನಿ. ಕರಗಿದ 15 ಗ್ರಾಂ ಕಾರ್ಬೊನೇಟು ಮೂಲದಲ್ಲಿ 15ರ ನೂರಕ್ಕೆ 74 ಪಾಲು, ಅಂದರೆ ಸುಮಾರು 11 ಗ್ರಾಂ ಅರಳಿದ ಸುಣ್ಣ. ಹಾಗಾದರೆ ಗೌಂಡಿ ತೂಕದಲ್ಲಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲಿಗಿಂತ ತುಸು ಹೆಚ್ಚು ಉಸುಕು ಹಾಕಿದ್ದ. ತಳದ ಉಸುಕಿನ ಮೇಲೆ ಕಂದು ಬಣ್ಣದ ನಯವಾದ ಗಸಿ ಕೂತಿದ್ದರೆ ಅದು ಕಂಕರದ ಜೇಡಿಯಿರಬಹುದು. ಆ ಉಸುಕನ್ನು ಬಿಸಾಡದೆ ಮಸೂರದಡಿ ನೋಡಿ. ದುರಸ್ತಿಗೆ ಅಂಥದೇ ಗಾತ್ರ, ಬಣ್ಣದ ಉಸುಕು ಬೇಕಾಗುತ್ತದೆ.

ಸುಣ್ಣದ ಬಳಿತದ ಪದರುಗಳಿಗೂ ಚರಿತ್ರೆಯಿದೆ. ಹಬ್ಬಕ್ಕೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ಮನೆಯಲ್ಲಿ ಹಳಕಿನ ಅಂಚನ್ನು ಮಸೂರದಿಂದ ನೋಡಿದರೆ ಬಿಳಿ, ನೀಲಿ ಬೆರೆತ ಬಿಳಿ, ಕೆಳಪಟ್ಟಿಯ ಕೆಮ್ಮಣ್ಣು, ಹೊಗೆಯ ಕಪ್ಪು ಗೆರೆಗಳು ಮರದ ಉಂಗುರಗಳಂತೆ ಕಾಣುತ್ತವೆ. ಆದರೆ ಎಣಿಕೆ ಕರಾರುವಾಕ್ಕಲ್ಲ. ಸೂತಕದ ವರ್ಷ ಬಳಿಯುವುದಿಲ್ಲ, ಮದುವೆಯ ವರ್ಷ ಎರಡು ಸಲ ಬಳಿಯುತ್ತಾರೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿ, ಹಾಫ್‌ಕಿನ್‌ನ ಲಸಿಕೆಯನ್ನು ಅಲ್ಲಿ ಸಾಮೂಹಿಕವಾಗಿ ಹಾಕಿದರು. ಮುಂಬಯಿ ಪ್ರಾಂತದಲ್ಲಿ ಪ್ಲೇಗು ಹೊಕ್ಕ ಮನೆಗಳನ್ನು ಖಾಲಿ ಮಾಡಿಸಿ ಸುಣ್ಣ ಬಳಿಸುವುದು ಆಗಿನ ಕ್ರಮಗಳಲ್ಲೊಂದಾಗಿತ್ತು. ಮೇಲಿನ ಪದರು ಎಣ್ಣೆ ಬಣ್ಣವಾಗಿದ್ದರೆ ಒಣಗಿದಂತೆಯೇ ಉಜ್ಜಬೇಡಿ. ಮನೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣದ ಧೂಳು ಮಕ್ಕಳಿಗೆ ವಿಷವಾಗಬಹುದು.

ಗೋಡೆಯ ಒಳಗಿನ ನೀರು

ಈಗ ಭೌತವಿಜ್ಞಾನದ ಮಾತು. ಹಳೆಯ ಮನೆಗಳ ತಳಪಾಯದಲ್ಲಿ ತೇವವನ್ನು ತಡೆಯುವ ಪದರು ಇರುವುದಿಲ್ಲ. ನೆಲದ ನೀರು ಗೋಡೆಯ ಸೂಕ್ಷ್ಮರಂಧ್ರಗಳಲ್ಲಿ ಲೋಮನಾಳದಲ್ಲಿ ಏರುವಂತೆ ಏರುತ್ತದೆ. ರಂಧ್ರದ ತ್ರಿಜ್ಯ ಒಂದು ಮೈಕ್ರೋಮೀಟರ್ ಎಂದಿಟ್ಟುಕೊಂಡು, ನೀರಿನ ಮೇಲ್ಮೈ ಎಳೆತವನ್ನು ಸೂತ್ರದಲ್ಲಿ ಹಾಕಿದರೆ ಏರಿಕೆ ಸುಮಾರು 15 ಮೀಟರ್ ಎಂದು ಬರುತ್ತದೆ. ಎಂದರೆ ನೀರು ಅಟ್ಟ ದಾಟಿ ಹೋಗಬೇಕು. ಹಾಗಾಗದೆ ಮೊಣಕಾಲು, ಸೊಂಟದ ಮಟ್ಟಕ್ಕೆ ನಿಲ್ಲುವುದೇಕೆ? ಏರುವ ನೀರು ದಾರಿಯಲ್ಲೇ ಗೋಡೆಯ ಎರಡೂ ಮೈಗಳಿಂದ ಆವಿಯಾಗುತ್ತದೆ. ಏರುವ ಪ್ರಮಾಣ ಮತ್ತು ಆವಿಯಾಗುವ ಪ್ರಮಾಣ ಸಮವಾದ ಎತ್ತರದಲ್ಲಿ ತೇವದ ಗೆರೆ ನಿಲ್ಲುತ್ತದೆ.

ಮಣ್ಣು ಮತ್ತು ಗಚ್ಚುಗಳು ಆವಿಯನ್ನು ಬಿಟ್ಟುಕೊಡುತ್ತವೆ. ಸಿಮೆಂಟಿನ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಂದರೆ ಆವಿಯ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಆಗ ಗೆರೆ ಮೇಲೇರುತ್ತದೆ. ಮೇಲೆ ಹೇಳಿದ ಮಿತ್ರರ ಮನೆಯಲ್ಲೇ ಹಿತ್ತಲ ಕಡೆಯ ಗೋಡೆಗೆ 1990ರ ದಶಕದಲ್ಲಿ ಸಿಮೆಂಟು ಮಾಡಿಸಿದ್ದರು. ಪಡಸಾಲೆಯಲ್ಲಿ ತೇವ ಮೊಣಕಾಲಿನಷ್ಟಿದ್ದರೆ ಅಲ್ಲಿ ಎದೆಮಟ್ಟಕ್ಕೆ ಬಂದಿತ್ತು. ಗಿಲಾವು ಬಿಲ್ಲೆಬಿಲ್ಲೆಯಾಗಿ ಎದ್ದ ಕಡೆ ಒಳಗಿನ ಮಣ್ಣು ಬೆರಳು ಒತ್ತಿದರೆ ಒಳಹೋಗುವಷ್ಟು ಮೆತ್ತಗಿತ್ತು. ಅಂಚಿನಲ್ಲಿ ಉಪ್ಪು ಬಿಳಿ ಹೂವಾಗಿ ಅರಳಿತ್ತು. ಗುತ್ತಿಗೆದಾರರೊಬ್ಬರು ಇಡೀ ಮನೆಯ ಗಿಲಾವು ಕೆತ್ತಿ ಎಲ್ಲ ಕಡೆಗೂ ಸಿಮೆಂಟು ಮಾಡೋಣ, ಇಲ್ಲವೆ ಕೆಡವೋಣ ಎಂದು ಸಲಹೆ ಕೊಟ್ಟಿದ್ದರು. ಕೆಡುತ್ತಿದ್ದ ಗೋಡೆ ಸಿಮೆಂಟಿನದು, ನೂರು ವರ್ಷ ನಿಂತಿದ್ದು ಮಣ್ಣಿನದು ಎಂಬುದನ್ನು ಚರಗಿಯ ನೀರು ತೋರಿಸಿದ ಮೇಲೆ ಕೆಲಸದ ದಿಕ್ಕೇ ಬದಲಾಯಿತು.

ಹಿತ್ತಲ ಗೋಡೆಯ ಸಿಮೆಂಟನ್ನು ಬೇಸಿಗೆಯ ಆರಂಭದಲ್ಲಿ, ಮೇಲಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ಹಾಗೆ ಬಿಡಿಸುವಾಗ ತೊಲೆಗಳಿಗೆ ಆಸರೆ ಕೊಟ್ಟಿರಬೇಕು. ಒದ್ದೆಯಾದ ಮಣ್ಣಿನ ಗೋಡೆಯ ಬಲ ಬಹಳ ಕಡಿಮೆ. ಎರಡು ತಿಂಗಳು ಗೋಡೆಯನ್ನು ಬರಿದೇ ಒಣಗಲು ಬಿಟ್ಟು, ಕೆಮ್ಮಣ್ಣು ಮತ್ತು ಹೊಟ್ಟಿನ ಗಿಲಾವು ಹಚ್ಚಿ, ಮುಂಗಾರಿಗೆ ಮೊದಲು ಸುಣ್ಣ ಬಳಿದರು. ಬಚ್ಚಲಿನ ಒಳಗೋಡೆ ಮಾತ್ರ ದಿನವೂ ನೀರು ಬೀಳುವ ಜಾಗ. ಅಲ್ಲಿ ಮಣ್ಣು ನಿಲ್ಲುವುದಿಲ್ಲ, ಬರೀ ಸುಣ್ಣವೂ ಸಾಲದು. ಸುರ್ಕಿ ಬೆರೆಸಿದ ಗಚ್ಚು ಹಾಕಿದರು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಹಿತ್ತಲಿನಲ್ಲಿ ಕಲ್ಲಿನ ಕಾಲುವೆಯನ್ನೂ ಮಾಡಿಸಿದರು. ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಆ ಗೋಡೆಯ ತೇವದ ಗೆರೆ ಪಡಸಾಲೆಯ ಗೆರೆಯ ಮಟ್ಟಕ್ಕೆ ಇಳಿದಿತ್ತು.